ರೋಬೋ ಹಾಕಿದ ಸ್ಟೆಂಟ್: ಲಾಭ ಯಾರ ಪಾಲಿಗೆ?

ಹೃದಯದ ನಾಳಗಳ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿನಲ್ಲಿ ಮಲಗಿದ ರೋಗಿಯ ಮೇಲೆ ಎಕ್ಸ್‌ರೇ ಬೀಳುವುದು ಆಯುಸ್ಸಿನಲ್ಲಿ ಒಂದೆರಡು ಸಲ. ಪಕ್ಕದಲ್ಲಿ ನಿಂತ ಡಾಕ್ಟರ ಮೇಲೆ ದಿನಕ್ಕೆ ಹಲವು ಸಲ, ಅದೂ ವರ್ಷಗಟ್ಟಲೆ. ರೋಗಿಗೆ ತಾಗುವುದು ನೇರ ಕಿರಣ. ಡಾಕ್ಟರಿಗೆ ತಾಗುವುದು ರೋಗಿಯ ಮೈಗೆ ಬಡಿದು ಚದುರಿ ಬರುವ ಕಿರಣ. ಒಂದೊಂದು ಸಲ ಬೀಳುವ ಪ್ರಮಾಣ ಚಿಕ್ಕದು, ಆದರೆ ಕೂಡುತ್ತಾ ಹೋಗುತ್ತದೆ.

ಈ ಲೆಕ್ಕವನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ‘ರೋಬೋಟಿಕ್ ಆಂಜಿಯೋಪ್ಲಾಸ್ಟಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಇದು ರೋಗಿಗಾಗಿ ಬಂದ ಯಂತ್ರ, ಕೈ ನಡುಗದ, ತಪ್ಪು ಮಾಡದ ಯಂತ್ರ ಎಂಬ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ನಿಜದಲ್ಲಿ ಈ ಯಂತ್ರ ಹುಟ್ಟಿದ ಮುಖ್ಯ ಕಾರಣ ಡಾಕ್ಟರ ಬೆನ್ನು, ಕಣ್ಣು ಮತ್ತು ತಲೆ. ಅದು ತಪ್ಪೂ ಅಲ್ಲ, ಗುಟ್ಟೂ ಅಲ್ಲ. ಆದರೆ ಇದನ್ನು ತಿಳಿಯದೆ ಅಂಕಿಅಂಶ ಓದಲು ಕೂತರೆ ಯಾವ ಅಂಕಿ ಯಾರಿಗೆ ಸಂಬಂಧಿಸಿದ್ದು ಎಂಬುದೇ ಗೊತ್ತಾಗುವುದಿಲ್ಲ.

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯ ಎಚ್ಚರವಾಗಿಯೇ ಇದ್ದ ರೋಗಿಯೊಬ್ಬನ ಹೃದಯದ ರಕ್ತನಾಳದೊಳಗೆ ಪುಟ್ಟ ಬಲೂನ್ ಉಬ್ಬಿಸಿ ಬ್ಲಾಕ್ ತೆರೆದರು. ಅದೇ ಜಗತ್ತಿನ ಮೊದಲ ಕೊರೊನರಿ ಆಂಜಿಯೋಪ್ಲಾಸ್ಟಿ. ಆಮೇಲೆ ಸ್ಟೆಂಟ್ ಬಂತು, ಔಷಧಿ ಲೇಪಿಸಿದ ಸ್ಟೆಂಟ್ ಬಂತು, ತೊಡೆಯ ಬದಲು ಮಣಿಕಟ್ಟಿನಿಂದ ಹೋಗುವ ದಾರಿ ಬಂತು. ಬದಲಾಗದೆ ಉಳಿದದ್ದು ಡಾಕ್ಟರು ನಿಲ್ಲುವ ಜಾಗ. ಇವತ್ತಿಗೂ ಅವರು ಟೇಬಲ್ಲಿನ ಪಕ್ಕದಲ್ಲೇ ನಿಂತು, ಐದಾರು ಕಿಲೋ ತೂಗುವ ಸೀಸದ ಏಪ್ರನ್ ತೊಟ್ಟು, ತೀರಾ ಸಣ್ಣ ತಂತಿಯನ್ನು ಬೆರಳಲ್ಲಿ ತಿರುಗಿಸುತ್ತಾ ಪರದೆ ನೋಡುತ್ತಾರೆ.

ಇದರ ಫಲ ಏನು? ಅಮೆರಿಕದ ಹೃದಯ ತಜ್ಞರ ಸಂಘವೊಂದು 2014ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಸೊಂಟವೋ ಕತ್ತೋ ಮಂಡಿಯೋ, ಒಂದಲ್ಲ ಒಂದು ಮೂಳೆ–ಕೀಲಿನ ತೊಂದರೆ ಹೇಳಿಕೊಂಡರು. ಇಸ್ರೇಲಿನ ವೈದ್ಯ ಏರಿಯಲ್ ರೋಗುಯಿನ್ ಮತ್ತು ಸಂಗಡಿಗರು 2013ರಲ್ಲಿ ಮಿದುಳು ಹಾಗೂ ಕತ್ತಿನ ಗೆಡ್ಡೆಗೆ ತುತ್ತಾದ 31 ವೈದ್ಯರ ವಿವರ ಕಲೆಹಾಕಿದರು. ಗೆಡ್ಡೆ ಯಾವ ಬದಿ ಎಂದು ಗೊತ್ತಿದ್ದ 26 ಮಂದಿಯಲ್ಲಿ 22 ಮಂದಿಗೆ ಅದು ಎಡಗಡೆ ಇತ್ತು. ಟೇಬಲ್ಲಿನ ಬಳಿ ನಿಂತಾಗ ಎಕ್ಸ್‌ರೇ ಕೊಳವೆಗೆ ಹತ್ತಿರವಾಗುವುದು ಡಾಕ್ಟರ ಎಡಬದಿಯೇ. ಇದು ಅಲ್ಲಿ ಇಲ್ಲಿ ಹುಡುಕಿ ಕೂಡಿಸಿದ ಪ್ರಕರಣಗಳ ಪಟ್ಟಿ. ವಿಕಿರಣವೇ ಗೆಡ್ಡೆಗೆ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಆ ಕೆಲಸ ಮಾಡುವವರ ನಿದ್ದೆ ಕೆಡಿಸಲು ಅಷ್ಟು ಸಾಕು. ಕಣ್ಣಿನ ಪೊರೆಯ ವಿಷಯದಲ್ಲಿ ಸಂಶಯ ಇನ್ನೂ ಕಡಿಮೆ. ಕಣ್ಣಿನ ಮಸೂರ ತಾಳಬಹುದಾದ ವಿಕಿರಣದ ಮಿತಿಯನ್ನು ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2011ರಲ್ಲಿ ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಿತು.

ಹಾಗಾದರೆ ಡಾಕ್ಟರನ್ನು ಟೇಬಲ್ಲಿನಿಂದ ದೂರ ಕೂರಿಸಿದರೆ ಹೇಗೆ? ಈ ಯೋಚನೆಯನ್ನು ಮೊದಲು ಕೈಗೂಡಿಸಿದವರಲ್ಲಿ ಇಸ್ರೇಲಿನ ಹೈಫಾದ ರಫಾಯೆಲ್ ಬೆಯಾರ್ ಮುಖ್ಯರು. ಅವರ ತಂಡ 18 ರೋಗಿಗಳ ಮೇಲೆ ಮಾಡಿ ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆ ದಾರಿಯಲ್ಲೇ ಮುಂದೆ ಕೊರಿಂಡಸ್ ಎಂಬ ಅಮೆರಿಕದ ಕಂಪನಿಯ ‘ಕೊರ್‌ಪಾತ್ 200’ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ತಂತಿ, ಬಲೂನುಗಳು ಒಳಹೋಗುವ ಕೊಳವೆಯಾದ ಕ್ಯಾಥೆಟರನ್ನೂ ಯಂತ್ರದಿಂದಲೇ ಅಲುಗಿಸಬಲ್ಲ ಎರಡನೆಯ ತಲೆಮಾರಿನ ‘ಕೊರ್‌ಪಾತ್ ಜಿಆರ್‌ಎಕ್ಸ್’ಗೆ 2016ರಲ್ಲಿ ಅನುಮತಿ ಸಿಕ್ಕಿತು. ಫ್ರಾನ್ಸಿನ ರೋಬೋಕ್ಯಾಥ್ ಕಂಪನಿಯ ‘ಆರ್–ಒನ್’ 2019ರಲ್ಲಿ ಯುರೋಪಿನ ಮಾನ್ಯತೆ ಪಡೆಯಿತು.

ಸಿನಿಮಾದ ರೋಬೋ ನೆನೆದು ಹೋದವರಿಗೆ ಇಲ್ಲಿ ನಿರಾಶೆ ಕಾದಿದೆ. ಟೇಬಲ್ಲಿನ ಅಂಚಿಗೆ ಸಿಕ್ಕಿಸಿದ ಒಂದು ತೋಳು, ಅದರ ತುದಿಗೆ ಒಮ್ಮೆ ಬಳಸಿ ಎಸೆಯುವ ಒಂದು ಕ್ಯಾಸೆಟ್. ಕ್ಯಾಸೆಟ್ಟಿನೊಳಗಿನ ಪುಟ್ಟ ಉರುಳೆಗಳು ತಂತಿಯನ್ನೂ ಬಲೂನನ್ನೂ ಹಿಡಿದು ಮುಂದೆ ತಳ್ಳುತ್ತವೆ, ಹಿಂದೆ ಎಳೆಯುತ್ತವೆ, ತಿರುಗಿಸುತ್ತವೆ. ಕೆಲವು ಮೀಟರ್ ಆಚೆ ಸೀಸದ ಗೋಡೆಯ ಕ್ಯಾಬಿನ್ನಿನಲ್ಲಿ ಡಾಕ್ಟರು ಏಪ್ರನ್ ಕಳಚಿಟ್ಟು, ಕುರ್ಚಿಯಲ್ಲಿ ಕೂತು, ದೊಡ್ಡ ಪರದೆ ನೋಡುತ್ತಾ ಜಾಯ್‌ಸ್ಟಿಕ್ ಆಡಿಸುತ್ತಾರೆ. ಯಂತ್ರ ತಾನಾಗಿ ನಿರ್ಧರಿಸುವುದು ಬಹುಮಟ್ಟಿಗೆ ಏನೂ ಇಲ್ಲ. ತಂತಿಯನ್ನು ಹಿಂದೆಳೆದಾಗ ತಾನೇ ತುಸು ತಿರುಗಿಸಿ ಬೇರೆ ಕವಲಿಗೆ ದಾರಿ ಹುಡುಕಿಕೊಡುವಂಥ ಕೆಲವು ಚಳಕಗಳನ್ನು ಎರಡನೆಯ ತಲೆಮಾರಿನ ಯಂತ್ರಕ್ಕೆ ಕಲಿಸಿದ್ದಾರೆ, ಅಷ್ಟೇ. ಮಣಿಕಟ್ಟಿನ ಧಮನಿಗೆ ಸೂಜಿ ಚುಚ್ಚಿ ದಾರಿ ಮಾಡುವುದು, ಕ್ಯಾಥೆಟರನ್ನು ಹೃದಯದ ಬಾಗಿಲವರೆಗೆ ಒಯ್ಯುವುದು, ಕ್ಯಾಸೆಟ್ಟಿಗೆ ಬಲೂನು–ಸ್ಟೆಂಟ್ ಏರಿಸುವುದು, ಇವೆಲ್ಲ ಇವತ್ತಿಗೂ ಮನುಷ್ಯರ ಕೈಗೆಲಸ.

ಈ ಕಡೆಯ ಮಾತನ್ನು ಕಂಪನಿಗಳ ಚಿತ್ರಪುಟಗಳು ಮೆಲ್ಲಗೆ ದಾಟಿಬಿಡುತ್ತವೆ. ಕ್ಯಾಸೆಟ್ಟಿಗೆ ಸಾಮಾನು ಏರಿಸಲು ಯಾರೋ ಒಬ್ಬರು ಟೇಬಲ್ಲಿನ ಬಳಿ ಇರಲೇಬೇಕು. ಅವರು ತಂತ್ರಜ್ಞರೋ, ನರ್ಸೋ, ತರಬೇತಿಯಲ್ಲಿರುವ ಕಿರಿಯ ವೈದ್ಯರೋ ಆಗಿರುತ್ತಾರೆ. ಹಿರಿಯ ಡಾಕ್ಟರ ಮೈಯಿಂದ ಸೀಸ ಇಳಿಯಿತು, ಸಿಸ್ಟರ ಮೈಮೇಲೆ ಹಾಗೇ ಉಳಿಯಿತು.

ಇನ್ನು ಪುರಾವೆಗೆ ಬರೋಣ. ಮೊದಲ ತಲೆಮಾರಿನ ಯಂತ್ರಕ್ಕೆ ಅನುಮತಿ ತಂದುಕೊಟ್ಟದ್ದು ‘ಪ್ರಿಸೈಸ್’ ಎಂಬ ಅಧ್ಯಯನ. 9 ಆಸ್ಪತ್ರೆಗಳು, 164 ರೋಗಿಗಳು, ಪ್ರಕಟವಾದದ್ದು 2013ರಲ್ಲಿ. 164ರಲ್ಲಿ 162 ಮಂದಿಗೆ ಯಂತ್ರವೇ ಕೆಲಸ ಮುಗಿಸಿತು, ಕೈಯಿಂದ ಮುಂದುವರಿಸುವ ಪ್ರಸಂಗ ಬರಲಿಲ್ಲ. ಅಂದರೆ ಶೇ 98.8. ಬ್ಲಾಕ್ ಸರಿಯಾಗಿ ತೆರೆದು, ರೋಗಿಗೆ ದೊಡ್ಡ ತೊಂದರೆ ಏನೂ ಆಗದೆ ಇದ್ದದ್ದು ಶೇ 97.6ರಷ್ಟು ಮಂದಿಗೆ. ಸಾವಿಲ್ಲ, ಲಕ್ವ ಇಲ್ಲ. ನಾಲ್ವರಿಗೆ ಚಿಕಿತ್ಸೆಯ ಹೊತ್ತಿನಲ್ಲಿ ಹೃದಯದ ಸ್ನಾಯುವಿಗೆ ಸಣ್ಣ ಪೆಟ್ಟು ಬಿದ್ದದ್ದು ರಕ್ತಪರೀಕ್ಷೆಯಿಂದ ತಿಳಿಯಿತು. ಕೈಯಿಂದ ಮಾಡುವ ಆಂಜಿಯೋಪ್ಲಾಸ್ಟಿಯಲ್ಲೂ ಇದು ಕಾಣುವಂಥದೇ.

ಇಡೀ ಅಧ್ಯಯನದಲ್ಲಿ ಎದ್ದುಕಂಡ ಅಂಕಿ ಬೇರೆ. ಟೇಬಲ್ಲಿನ ಬಳಿ ಅಳೆದ ವಿಕಿರಣಕ್ಕೆ ಹೋಲಿಸಿದರೆ ಕ್ಯಾಬಿನ್ನಿನೊಳಗೆ ಅಳೆದದ್ದು ಶೇ 95.2ರಷ್ಟು ಕಡಿಮೆ. ಇದರ ಬಗ್ಗೆ ತಕರಾರು ಎತ್ತುವಂತಿಲ್ಲ. ಸೀಸದ ಗೋಡೆಯ ಹಿಂದೆ ಕೂತರೆ ಕಿರಣ ಕಡಿಮೆಯಾಗಲೇಬೇಕು. ಯಂತ್ರದ ಅತಿ ಗಟ್ಟಿ ಸಾಧನೆ ಇದೇ. ಆದರೆ ಅದು ರೋಗಿಯ ಸಾಧನೆ ಅಲ್ಲವಲ್ಲ.

ರೋಗಿಯ ಕಡೆಯಿಂದ ನೋಡುವವರು ಈ ಅಧ್ಯಯನಕ್ಕೆ ಎರಡು ಪ್ರಶ್ನೆ ಕೇಳಬೇಕು. ಎಂಥ ರೋಗಿಗಳನ್ನು ಆರಿಸಿದರು? ಯಾರ ಜೊತೆ ಹೋಲಿಸಿದರು? ಆರಿಸಿದ್ದು ಬಹುಪಾಲು ಸರಳ ಬ್ಲಾಕ್‌ಗಳನ್ನು. ಪೂರ್ತಿ ಮುಚ್ಚಿದ ನಾಳ, ಸುಣ್ಣ ಕಟ್ಟಿದ ನಾಳ, ಕವಲೊಡೆಯುವ ಜಾಗ, ಇಂಥವು ಹೊರಗುಳಿದವು. ಹೋಲಿಸಿದ್ದು ಯಾರ ಜೊತೆಗೂ ಅಲ್ಲ. ಎಲ್ಲರಿಗೂ ರೋಬೋದಲ್ಲೇ ಮಾಡಿ, ಫಲಿತಾಂಶ ಒಪ್ಪತಕ್ಕದ್ದೇ ಎಂದು ನೋಡಿದರು. ಹೊಸ ಯಂತ್ರಕ್ಕೆ ಬಾಗಿಲು ತೆರೆಯಲು ಈ ಬಗೆಯ ಅಧ್ಯಯನ ಸಾಕು. ಹಳೆಯದಕ್ಕಿಂತ ಹೊಸದು ಮೇಲು ಎನ್ನಲು ಸಾಲದು.

ಕಷ್ಟದ ಬ್ಲಾಕ್‌ಗಳ ಬಗ್ಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಎಹ್ತಿಶಾಂ ಮಹ್ಮೂದ್ ಅವರ ತಂಡ ಅಧ್ಯಯನ ಮಾಡಿತು. ‘ಕೋರಾ–ಪಿಸಿಐ’ ಎಂಬ ಹೆಸರಿನ ಅದು 2017ರಲ್ಲಿ ಪ್ರಕಟವಾಯಿತು. ರೋಬೋದಿಂದ ಮಾಡಿದ್ದು 108, ಕೈಯಿಂದ ಮಾಡಿದ್ದು 226. ರೋಬೋ ಗುಂಪಿನಲ್ಲಿ ರೋಗಿಯ ಮಟ್ಟಿಗೆ ಯಶಸ್ಸು ಶೇ 99.1, ಕೈಕೆಲಸಕ್ಕೆ ಸರಿಸಮ. ಇದನ್ನು ಕೇಳಿ ಹಿಗ್ಗುವ ಮೊದಲು ಪಕ್ಕದ ಸಾಲನ್ನೂ ಓದಬೇಕು. ಶೇ 11ರಷ್ಟು ಪ್ರಕರಣಗಳಲ್ಲಿ ನಡುವೆ ಕೈಯ ನೆರವು ಬೇಕಾಯಿತು, ಶೇ 7.4ರಷ್ಟರಲ್ಲಿ ರೋಬೋವನ್ನು ಬದಿಗಿಟ್ಟು ಪೂರ್ತಿ ಕೈಗೇ ಮರಳಬೇಕಾಯಿತು. ಸಮಯವೂ ಕೆಲವು ನಿಮಿಷ ಹೆಚ್ಚು ಹಿಡಿಯಿತು. ಎರಡನೆಯ ತಲೆಮಾರಿನ ಯಂತ್ರವೂ ಸೇರಿ 20 ಕೇಂದ್ರಗಳ 980 ರೋಗಿಗಳ ವಿವರ ದಾಖಲಿಸಿದ ವರದಿ ಮುಂದೆ ಹೊರಬಂದಾಗಲೂ ಚಿತ್ರ ಬಹಳ ಬದಲಾಗಿರಲಿಲ್ಲ. ರೋಗಿಯ ಮಟ್ಟಿಗೆ ಯಶಸ್ಸು ಶೇ 97.8, ಯಂತ್ರದ ಮಟ್ಟಿಗೆ ಶೇ 89.8.

ಈ ಎರಡು ಅಂಕಿಗಳ ನಡುವೆ ಶೇ 8ರ ಅಂತರವಿದೆ. ಯಂತ್ರ ಸೋತಲ್ಲಿ ರೋಗಿ ಯಾಕೆ ಸೋಲಲಿಲ್ಲ? ಯಾಕೆಂದರೆ ಸೀಸದ ಗೋಡೆಯ ಹಿಂದೆ ಕೂತವರು ಎದ್ದು ಬಂದು ಕೈ ಹಾಕಿದರು. ಅಂದರೆ ರೋಬೋ ಸುರಕ್ಷಿತ ಎಂದು ನಾವು ಓದುವ ಪ್ರತಿ ವರದಿಯಲ್ಲೂ, ಹತ್ತು ಹೆಜ್ಜೆ ದೂರದಲ್ಲಿ ನುರಿತ ಕೈಯೊಂದು ಸಿದ್ಧವಾಗಿತ್ತು ಎಂಬ ಮಾತು ಒಳಗೇ ಅಡಗಿದೆ. ಆ ಕೈ ದೂರವಾದರೆ ಅಂಕಿ ಏನಾಗುತ್ತದೆ ಎಂಬುದಕ್ಕೆ ಈ ಅಧ್ಯಯನಗಳಲ್ಲಿ ಉತ್ತರವಿಲ್ಲ. ಮುಂದೆ ಈ ಪ್ರಶ್ನೆಗೆ ಮತ್ತೆ ಬರಬೇಕಾಗುತ್ತದೆ.

ಯಂತ್ರ ಸೋಲುವುದಾದರೂ ಎಲ್ಲಿ? ಗಾಳ ಹಾಕಿ ಕೂತವನಿಗೆ ಮೀನು ಕಚ್ಚಿದ್ದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವ ಹಾಗೆ, ನುರಿತ ಡಾಕ್ಟರಿಗೆ ತಂತಿಯ ತುದಿ ಮೆತ್ತಗಿನ ಜಾಗದಲ್ಲಿದೆಯೇ, ಗಟ್ಟಿ ಸುಣ್ಣಕ್ಕೆ ತಾಗಿದೆಯೇ, ನಾಳದ ಗೋಡೆಯೊಳಕ್ಕೆ ನುಗ್ಗುತ್ತಿದೆಯೇ ಎಂಬುದು ಬೆರಳಿಗೇ ತಿಳಿಯುತ್ತದೆ. ಜಾಯ್‌ಸ್ಟಿಕ್ಕಿಗೆ ಆ ಸ್ಪರ್ಶ ಮುಟ್ಟುವುದಿಲ್ಲ. ರೋಬೋ ಪಳಗಿಸಿಕೊಂಡ ವೈದ್ಯರು ಪರದೆಯ ಮೇಲೆ ತಂತಿ ಬಾಗುವ ರೀತಿ ನೋಡಿಯೇ ಒತ್ತಡ ಊಹಿಸಲು ಕಲಿಯುತ್ತಾರೆ. ಅಭ್ಯಾಸವಾದವರಿಗೆ ಅದು ಸಾಕಾಗಲೂಬಹುದು. ಎರಡು ತಂತಿ, ಎರಡು ಬಲೂನು ಒಟ್ಟಿಗೆ ಆಡಿಸಬೇಕಾದ ಕವಲಿನ ಬ್ಲಾಕ್‌ಗಳಲ್ಲಿ ಯಂತ್ರ ತಡವರಿಸುತ್ತದೆ. ಸುಣ್ಣ ಕೊರೆಯುವ ಉಪಕರಣಗಳಿಗೆ ಹೆಚ್ಚಾಗಿ ಕೈಯೇ ಗತಿ. ವಯಸ್ಸಾದವರ, ಸಕ್ಕರೆ ಕಾಯಿಲೆಯವರ ನಾಳಗಳಲ್ಲಿ ಸುಣ್ಣ ಕಟ್ಟಿರುವುದು ಸಾಮಾನ್ಯ ಎಂಬುದನ್ನು ನೆನೆದರೆ, ರೋಬೋಗೆ ಹೇಳಿ ಮಾಡಿಸಿದಂಥ ರೋಗಿ ಎಲ್ಲ ಆಸ್ಪತ್ರೆಗಳ ಸರದಿಯಲ್ಲೂ ಮೊದಲಿಗೆ ಸಿಗುವವನಲ್ಲ.

ರೋಗಿಗೆ ಲಾಭವಾಗಬಹುದಾದ ಒಂದು ಜಾಗವನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಬ್ಲಾಕ್ ಎಷ್ಟು ಉದ್ದ ಎಂಬುದನ್ನು ಡಾಕ್ಟರು ಹೆಚ್ಚಾಗಿ ಕಣ್ಣಂದಾಜಿನಲ್ಲಿ ಅಳೆಯುತ್ತಾರೆ. ಅಂದಾಜು ತಪ್ಪಿದರೆ ಸ್ಟೆಂಟ್ ಗಿಡ್ಡವಾಗಿ ರೋಗದ ಅಂಚು ಹೊರಗುಳಿಯುತ್ತದೆ, ಇಲ್ಲವೇ ಉದ್ದವಾಗಿ ಬೇಡದ ಲೋಹ ಒಳಗುಳಿಯುತ್ತದೆ, ಇಲ್ಲವೇ ಇನ್ನೊಂದು ಸ್ಟೆಂಟ್ ಬೇಕಾಗುತ್ತದೆ. ರೋಬೋ ತಂತಿಯನ್ನೋ ಬಲೂನನ್ನೋ ಎಷ್ಟು ಮಿಲಿಮೀಟರ್ ಸರಿಸಿತು ಎಂದು ತಾನೇ ಎಣಿಸಿ ಹೇಳುತ್ತದೆ. ಸ್ಟೆಂಟನ್ನು ಒಂದೊಂದೇ ಮಿಲಿಮೀಟರ್ ಸರಿಸಿ ಕೂರಿಸಲು ಬಿಡುತ್ತದೆ. ಪ್ರಿಸೈಸ್ ಅಧ್ಯಯನದ ರೋಗಿಗಳಲ್ಲಿ ಬ್ಲಾಕಿನ ಅಂಚು ತಪ್ಪಿದ ಪ್ರಮಾಣ ಶೇ 12.2 ಎಂದೂ, ಕೈಯಿಂದ ಮಾಡಿದ ಹಳೆಯ ಅಧ್ಯಯನವೊಂದರಲ್ಲಿ ಅದು ಶೇ 43.1 ಇತ್ತೆಂದೂ ವರದಿಯಾಯಿತು. ಅಂತರ ದೊಡ್ಡದು. ಆದರೆ ಬೇರೆ ಕಾಲದ, ಬೇರೆ ರೋಗಿಗಳ, ಬೇರೆ ಅಧ್ಯಯನವನ್ನು ಪಕ್ಕಕ್ಕಿಟ್ಟು ಮಾಡಿದ ಹೋಲಿಕೆ ಇದು. ಚೆನ್ನಾಗಿ ಕೂತ ಸ್ಟೆಂಟಿನಿಂದ ವರ್ಷಗಳ ಮೇಲೆ ಹೃದಯಾಘಾತ ಕಡಿಮೆಯಾಯಿತೇ ಎಂಬುದೇ ಕಡೆಗೆ ಬೇಕಾದ ಉತ್ತರ. ಸ್ಯಾನ್ ಡಿಯಾಗೋದ ತಂಡ ತನ್ನ ರೋಗಿಗಳನ್ನು ಒಂದು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ ರೋಬೋ ಗುಂಪಿಗೂ ಕೈಕೆಲಸದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಕೆಲಸವನ್ನು ರೋಬೋ ಇಲ್ಲದೆ ಮಾಡುವ ದಾರಿ ಇನ್ನೊಂದಿದೆ, ಅದಕ್ಕೆ ಬಲವಾದ ಪುರಾವೆಯೂ ಇದೆ. ನಾಳದೊಳಗೆ ಪುಟ್ಟ ಅಲ್ಟ್ರಾಸೌಂಡ್ ಕ್ಯಾಮರಾವನ್ನೋ ಬೆಳಕಿನ ಕ್ಯಾಮರಾವನ್ನೋ ಇಳಿಸಿ, ಉದ್ದ–ಅಗಲ ಅಳೆದು, ಸ್ಟೆಂಟ್ ಗೋಡೆಗೆ ಸರಿಯಾಗಿ ಅಂಟಿದೆಯೇ ಎಂದು ನೋಡುವುದು. ವೈದ್ಯರ ಭಾಷೆಯಲ್ಲಿ ಐವಸ್ ಮತ್ತು ಒಸಿಟಿ. ದಕ್ಷಿಣ ಕೊರಿಯಾದಲ್ಲಿ ಕಷ್ಟದ ಬ್ಲಾಕ್‌ಗಳಿದ್ದ 1,639 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಹೃದಯ ಸಂಬಂಧಿ ಸಾವು, ಚಿಕಿತ್ಸೆ ಮಾಡಿದ ನಾಳದಿಂದಾದ ಹೃದಯಾಘಾತ, ಅದೇ ನಾಳಕ್ಕೆ ಮತ್ತೆ ಚಿಕಿತ್ಸೆ, ಇವು ಮೂರನ್ನೂ ಸೇರಿಸಿ ಎಣಿಸಿದಾಗ ಒಳಗಿನಿಂದ ನೋಡಿ ಮಾಡಿದವರಲ್ಲಿ ಶೇ 7.7, ಆಂಜಿಯೋಗ್ರಾಂ ಒಂದನ್ನೇ ನಂಬಿ ಮಾಡಿದವರಲ್ಲಿ ಶೇ 12.3. ರೋಬೋ ಪರವಾಗಿ ಇಷ್ಟು ದೊಡ್ಡ, ಇಷ್ಟು ಬಿಗಿಯಾದ ಒಂದು ಪ್ರಯೋಗವೂ ಇಲ್ಲ. ನನ್ನ ಮನೆಯವರೇ ಟೇಬಲ್ಲಿನ ಮೇಲಿದ್ದರೆ, ಒಂದೇ ಒಂದು ಹೆಚ್ಚಿನ ಖರ್ಚಿಗೆ ಅವಕಾಶವಿದ್ದರೆ, ನಾನು ರೋಬೋ ಬಿಟ್ಟು ಐವಸ್‌ಗೇ ದುಡ್ಡು ಕಟ್ಟುತ್ತೇನೆ.

ದೂರದಿಂದ ಸ್ಟೆಂಟ್ ಹಾಕುವ ಕನಸಿನದು ಇನ್ನೊಂದು ಕಥೆ. ಅದರ ಮೊದಲ ಅಧ್ಯಾಯ ಬರೆದದ್ದು ಭಾರತವೇ. 2018ರ ಡಿಸೆಂಬರ್‌ನಲ್ಲಿ ಗುಜರಾತಿನ ತೇಜಸ್ ಪಟೇಲ್ ಗಾಂಧಿನಗರದ ಅಕ್ಷರಧಾಮ ದೇವಾಲಯದ ಆವರಣದಲ್ಲಿ ಕೂತು, ಸುಮಾರು 32 ಕಿಲೋಮೀಟರ್ ದೂರದ ಅಹಮದಾಬಾದಿನ ಅಪೆಕ್ಸ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಲಗಿದ್ದ ರೋಗಿಗಳಿಗೆ ಸ್ಟೆಂಟ್ ಹಾಕಿದರು. ಎರಡು ದಿನಗಳಲ್ಲಿ ಐವರು. ಐವರಿಗೂ ಯಶಸ್ಸು. ಮನುಷ್ಯರ ಮೇಲೆ ದೂರದಿಂದ ನಡೆದ ಇಂಥ ಮೊದಲ ಚಿಕಿತ್ಸೆ ಅದು; ಮರುವರ್ಷ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಮಣಿಕಟ್ಟಿನ ದಾರಿಯನ್ನು ಭಾರತದಲ್ಲಿ ಬೆಳೆಸಿದ ಮುಂದಾಳುಗಳಲ್ಲಿ ಪಟೇಲ್ ಒಬ್ಬರು. ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ.

ಆದರೆ ಆ ಐವರನ್ನು ಮೊದಲೇ ನೋಡಿ ಆರಿಸಿದ್ದರು. ಅವರ ಪಕ್ಕದಲ್ಲಿ ಪೂರ್ತಿ ತಂಡ ಇತ್ತು. ಧಮನಿಗೆ ದಾರಿ ಮಾಡಿದ್ದು, ಕ್ಯಾಥೆಟರ್ ಕೂರಿಸಿದ್ದು ಆ ತಂಡವೇ. ಸಂಪರ್ಕ ಕಡಿದರೆ ತಕ್ಷಣ ಕೈ ಹಾಕಬಲ್ಲ ಹೃದಯ ತಜ್ಞರೂ ಆ ಕೋಣೆಯಲ್ಲೇ ಇದ್ದರು. ಬಾಸ್ಟನ್ನಿನಲ್ಲಿ ಕೂತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಮಾದರಿ ನಾಳದೊಳಗೆ ತಂತಿ, ಬಲೂನು, ಸ್ಟೆಂಟ್ ಓಡಿಸಿ ನೋಡಿದ ಪ್ರಯೋಗಗಳೂ ಮುಂದೆ ನಡೆದವು. ಸಂಕೇತ ತಲುಪುವ ತಡ ಸೆಕೆಂಡಿನ ಕಾಲುಭಾಗದ ಒಳಗಿದ್ದರೆ ಕೆಲಸಕ್ಕೆ ತೊಡಕಾಗದು ಎಂಬುದು ಅಂಥ ಪ್ರಯೋಗಗಳಿಂದ ತಿಳಿದದ್ದು. ತಂತ್ರಜ್ಞಾನದ ಪ್ರಶ್ನೆ ಹಾಗಾದರೆ ಹೆಚ್ಚುಕಡಿಮೆ ಬಗೆಹರಿದಿದೆ. ಬಗೆಹರಿಯದ್ದು ಇನ್ನೊಂದು. ತಂತಿ ತಾಗಿ ನಾಳ ತೂತಾದರೆ ಹೃದಯದ ಸುತ್ತ ರಕ್ತ ತುಂಬಿ ನಿಮಿಷಗಳಲ್ಲಿ ಬಡಿತ ಕುಸಿಯುತ್ತದೆ. ಆ ರಕ್ತವನ್ನು ಸೂಜಿ ಹಾಕಿ ಹೊರತೆಗೆಯುವ ಕೈ ಜಾಯ್‌ಸ್ಟಿಕ್ಕಿನ ಆಚೆ ಇದ್ದು ಪ್ರಯೋಜನವಿಲ್ಲ. ಅಂಥ ಕೈ ಇರುವ ಊರಿನಲ್ಲಿ ದೂರದ ಡಾಕ್ಟರ ಅಗತ್ಯವೇ ಕಡಿಮೆ. ದೂರದ ಡಾಕ್ಟರು ನಿಜಕ್ಕೂ ಬೇಕಾದ ಊರಿನಲ್ಲಿ ಕ್ಯಾಥ್ ಲ್ಯಾಬೇ ಇರುವುದಿಲ್ಲ.

ನಮ್ಮ ರಾಜ್ಯದ ಲೆಕ್ಕ ಇಲ್ಲೇ ಬರುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ದೊಡ್ಡ ನಗರಗಳಲ್ಲಿ ಖಾಸಗಿ ಕ್ಯಾಥ್ ಲ್ಯಾಬ್‌ಗಳಿವೆ. ಸುರಪುರದಲ್ಲೋ ಸಿದ್ದಾಪುರದಲ್ಲೋ ನಡುರಾತ್ರಿ ಎದೆ ಹಿಡಿದುಕೊಂಡು ಕೂತವರಿಗೆ ಇವು ಗಂಟೆಗಟ್ಟಲೆ ದೂರ. ಅವರಿಗಾಗಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಹಿಡಿದ ದಾರಿ ತೀರಾ ಸಾದಾ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು, ಅದನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ದೂರದಲ್ಲಿ ಓದಿಸುವುದು, ದೊಡ್ಡ ಹೃದಯಾಘಾತ ಎಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಇದರಲ್ಲಿ ತೋಳಿಲ್ಲ, ಜಾಯ್‌ಸ್ಟಿಕ್ಕಿಲ್ಲ, ಸುದ್ದಿವಾಹಿನಿಗೆ ತೋರಿಸುವಂಥದೇನೂ ಇಲ್ಲ. ಆದರೆ ಹೃದಯಾಘಾತದಲ್ಲಿ ಓಡುವುದು ಗಡಿಯಾರ. ಮೊದಲ ಗಂಟೆಯಲ್ಲಿ ತೆರೆದ ನಾಳ ಸ್ನಾಯುವನ್ನು ಉಳಿಸುತ್ತದೆ, ಮರುದಿನ ರೋಬೋದಿಂದ ತೆರೆದದ್ದು ಅಷ್ಟು ಉಳಿಸದು. ಸರ್ಕಾರದ ಬಳಿ ಒಂದು ಯಂತ್ರಕ್ಕಾಗುವಷ್ಟು ದುಡ್ಡಿದ್ದರೆ ಅದು ಮೊದಲು ಇಸಿಜಿಗೆ, ಇಂಜೆಕ್ಷನ್ನಿಗೆ, ಆಂಬ್ಯುಲೆನ್ಸಿಗೆ ಹೋಗಬೇಕು.

ಮಾರುಕಟ್ಟೆಯೂ ಈ ಯಂತ್ರದ ಬಗ್ಗೆ ತನ್ನ ತೀರ್ಪು ಕೊಟ್ಟಾಗಿದೆ. ಜರ್ಮನಿಯ ಸೀಮೆನ್ಸ್ ಹೆಲ್ತಿನಿಯರ್ಸ್ 2019ರಲ್ಲಿ ಸುಮಾರು 110 ಕೋಟಿ ಡಾಲರ್ ಕೊಟ್ಟು ಕೊರಿಂಡಸ್ ಕಂಪನಿಯನ್ನು ಕೊಂಡುಕೊಂಡಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ಹೃದಯದ ನಾಳಗಳ ರೋಬೋ ವ್ಯವಹಾರದಿಂದ ಹಿಂದೆ ಸರಿಯುವುದಾಗಿಯೂ, ಇನ್ನು ಗಮನ ಮಿದುಳಿನ ರಕ್ತನಾಳಗಳತ್ತ ಎಂದೂ ಘೋಷಿಸಿತು. ಯಂತ್ರ ಅಪಾಯಕಾರಿ ಎಂದು ಹೀಗಾಗಲಿಲ್ಲ. ದುಬಾರಿ ಯಂತ್ರ, ಪ್ರತಿ ರೋಗಿಗೂ ಹೊಸ ಕ್ಯಾಸೆಟ್, ಹೆಚ್ಚುವರಿ ಸಮಯ, ಎಲ್ಲ ಬ್ಲಾಕಿಗೂ ಆಗದಿರುವುದು, ಇಷ್ಟಕ್ಕೆ ಎದುರಾಗಿ ರೋಗಿಗೆ ಇಂಥ ಲಾಭ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಯಾವ ಆಸ್ಪತ್ರೆಯ ಲೆಕ್ಕಪತ್ರವೂ ಒಪ್ಪುವುದು ಕಷ್ಟ. ಮಿದುಳಿನತ್ತ ಹೊರಳಿದ್ದರಲ್ಲಿ ಅರ್ಥವಿದೆ. ಲಕ್ವ ಹೊಡೆದಾಗ ಹೆಪ್ಪು ತೆಗೆಯಬಲ್ಲ ತಜ್ಞರು ಹೃದಯ ತಜ್ಞರಿಗಿಂತ ಬಹಳ ಕಡಿಮೆ, ಅಲ್ಲಿ ದೂರದ ಕೈಗೆ ಬೆಲೆ ಹೆಚ್ಚು.

ಡಾಕ್ಟರ ಆರೋಗ್ಯದ ಪ್ರಶ್ನೆ ಇದರಿಂದ ಮುಗಿಯಲಿಲ್ಲ. ಚಾವಣಿಯಿಂದ ಇಳಿಬಿಟ್ಟ ಸೀಸದ ಗಾಜನ್ನು ಸರಿಯಾದ ಜಾಗಕ್ಕೆ ಎಳೆದುಕೊಳ್ಳುವುದು, ಸೆಕೆಂಡಿಗೆ 15 ಚಿತ್ರದ ಬದಲು ಏಳೂವರೆಗೆ ಇಳಿಸುವುದು, ಸೀಸದ ಕನ್ನಡಕ ಹಾಕುವುದು, ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಡ್ರಾಯರಿನಲ್ಲಿಡದೆ ಎದೆಗೆ ಧರಿಸುವುದು, ಇವು ಕೋಟಿ ಬೇಡುವ ಕೆಲಸಗಳಲ್ಲ. ಇವುಗಳಿಂದ ಟೇಬಲ್ಲಿನ ಬಳಿಯ ಸಿಸ್ಟರೂ ಟೆಕ್ನಿಷಿಯನ್ನೂ ಉಳಿಯುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸ್ಟೆಂಟಿನ ರೋಬೋ ಬಗ್ಗೆ. ‘ರೋಬೋಟಿಕ್ ಹಾರ್ಟ್ ಆಪರೇಷನ್’ ಎಂದು ಇನ್ನೊಂದನ್ನೂ ಕರೆಯುತ್ತಾರೆ, ಎರಡೂ ಬೆರೆತುಹೋಗುತ್ತವೆ. ಅದು ಬೈಪಾಸ್ ಶಸ್ತ್ರಕ್ರಿಯೆ. ಅಲ್ಲಿ ತೂಕದ ತಕ್ಕಡಿ ಬೇರೆ ಕಡೆ ವಾಲುತ್ತದೆ, ಯಾಕೆಂದರೆ ಲಾಭ ನೇರವಾಗಿ ರೋಗಿಯದು. ಎದೆಮೂಳೆಯನ್ನು ಉದ್ದಕ್ಕೆ ಸೀಳುವ ಬದಲು ಪಕ್ಕೆಲುಬುಗಳ ನಡುವಿನ ಸಣ್ಣ ತೂತುಗಳಿಂದ ರೋಬೋ ತೋಳುಗಳನ್ನು ಇಳಿಸಿ, ಎದೆಗೋಡೆಯ ಒಳಬದಿಯ ಧಮನಿಯನ್ನು ಬಿಡಿಸಿ ಹೃದಯದ ಮುಂಭಾಗದ ನಾಳಕ್ಕೆ ಜೋಡಿಸುತ್ತಾರೆ. ಕೆಲವರು ಜೋಡಣೆಯನ್ನೂ ರೋಬೋದಲ್ಲೇ ಮಾಡುತ್ತಾರೆ, ಹಲವರು ಪಕ್ಕೆಯಲ್ಲಿ ಚಿಕ್ಕ ಗಾಯ ಮಾಡಿ ಕೈಯಿಂದ ಹೊಲಿಯುತ್ತಾರೆ. ಮೂಳೆ ಸೀಳದ್ದರಿಂದ ನೋವು ಕಡಿಮೆ, ಸೋಂಕಿನ ಭಯ ಕಡಿಮೆ, ಬೇಗ ಎದ್ದು ಓಡಾಡಬಹುದು.

1998ರಲ್ಲಿ ಯುರೋಪಿನಲ್ಲಿ ಶುರುವಾದ ಈ ಬಗೆ ಇನ್ನೂ ಎಲ್ಲೆಡೆ ಹರಡದಿರುವುದು ಕಲಿಯುವುದು ಕಷ್ಟವಾದ್ದರಿಂದ. ಪೂರ್ತಿ ರೋಬೋದಿಂದಲೇ ಬೈಪಾಸ್ ಮಾಡಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ಹೊರಬಂತು. ಸೇರಿಸಿಕೊಂಡ 98 ಮಂದಿಯಲ್ಲಿ 13 ಮಂದಿಗೆ ಆ ವಿಧಾನ ಸಾಧ್ಯವಾಗಲಿಲ್ಲ, ಉಳಿದ 85ರಲ್ಲಿ ಐವರಿಗೆ ತೆರೆದ ಶಸ್ತ್ರಕ್ರಿಯೆಗೆ ಹೊರಳಬೇಕಾಯಿತು. ಒಂದೆರಡು ನಾಳಗಳಿಗೆ ಇದು ಒಪ್ಪುತ್ತದೆ; ಮೂರೂ ನಾಳ ಕೆಟ್ಟವರಿಗೆ ತೆರೆದ ಬೈಪಾಸೇ ಹೆಚ್ಚಿನ ಕಡೆ ಮೊದಲ ಆಯ್ಕೆ. ಅಮೆರಿಕದಲ್ಲಿ ಇದರಲ್ಲಿ ಹೆಸರು ಮಾಡಿದ ಸುಧೀರ್ ಶ್ರೀವಾಸ್ತವ ಭಾರತಕ್ಕೆ ಮರಳಿ ‘ಎಸ್‌ಎಸ್‌ಐ ಮಂತ್ರ’ ಎಂಬ ದೇಶೀ ರೋಬೋ ತಯಾರಿಸಿದ್ದಾರೆ. ವಿದೇಶಿ ಯಂತ್ರಗಳ ಏಕಸ್ವಾಮ್ಯ ಮುರಿದು ಬೆಲೆ ಇಳಿದರೆ ಒಳ್ಳೆಯದೇ. ಆದರೆ ಬೈಪಾಸ್ ರೋಬೋದಲ್ಲಿ ಯಂತ್ರದ ಬ್ರ್ಯಾಂಡಿಗಿಂತ ಮುಖ್ಯವಾದದ್ದು ಅದರ ಮುಂದೆ ಕೂತವರು ಇಂಥವನ್ನು ಎಷ್ಟು ಮಾಡಿದ್ದಾರೆ ಎಂಬುದು.

ರೋಬೋ ಆಗಲಿ ಕೈಯಾಗಲಿ, ಉತ್ತರಿಸದ ಪ್ರಶ್ನೆ ಒಂದಿದೆ: ಈ ಸ್ಟೆಂಟ್ ಬೇಕೇ? ಹೃದಯಾಘಾತ ಆಗುತ್ತಿರುವವರಿಗೆ ಬೇಕು, ತಡಮಾಡದೆ ಬೇಕು. ಆದರೆ ನಡೆದಾಗ ಎದೆ ಬಿಗಿಯುವ, ಸ್ಥಿರವಾಗಿರುವ ರೋಗಿಗಳಲ್ಲಿ ವಿಷಯ ಬೇರೆ. ಇಂಥ 5,179 ಮಂದಿಯನ್ನು ಸೇರಿಸಿಕೊಂಡು ನಡೆದ, ಭಾರತದ ಆಸ್ಪತ್ರೆಗಳೂ ಪಾಲ್ಗೊಂಡ ‘ಇಸ್ಕೀಮಿಯಾ’ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಒಳ್ಳೆಯ ಔಷಧೋಪಚಾರದ ಮೇಲೆ ಆರಂಭದಲ್ಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ್ದರಿಂದ ಸಾವು, ಹೃದಯಾಘಾತಗಳು ಮೂರು ಚಿಲ್ಲರೆ ವರ್ಷಗಳಲ್ಲಿ ಕಡಿಮೆಯಾಗಲಿಲ್ಲ. ಎದೆನೋವಿದ್ದವರಿಗೆ ನೋವು ಇಳಿಯಿತು, ಅದೂ ಸಣ್ಣ ಮಾತಲ್ಲ. ಎಡ ಮುಖ್ಯ ನಾಳದ ಬ್ಲಾಕ್ ಇದ್ದವರನ್ನು ಆ ಪ್ರಯೋಗ ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು. ಬೇಡದ ಸ್ಟೆಂಟನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿದರೂ ಅದು ಬೇಡದ್ದೇ.

ಹೀಗಾಗಿ ಡಾಕ್ಟರರ ಮುಂದೆ ಕೂತಾಗ ರೋಬೋ ಬಗ್ಗೆ ಕೇಳುವ ಮೊದಲು ಬೇರೆ ಕೇಳಿ. ಈಗಲೇ ಮಾಡಿಸಬೇಕೇ, ಔಷಧಿಯಲ್ಲಿ ಕೆಲವು ತಿಂಗಳು ನೋಡಬಹುದೇ? ಮಣಿಕಟ್ಟಿನಿಂದ ಮಾಡುತ್ತೀರಾ? ನಾಳದ ಒಳಗಿನಿಂದ ಅಳೆದು ನೋಡುತ್ತೀರಾ? ರೋಬೋದಲ್ಲೇ ಮಾಡುವುದಾದರೆ, ನೀವು ಇದರಲ್ಲಿ ಎಷ್ಟು ಮಾಡಿದ್ದೀರಿ, ನಡುವೆ ಕೈಗೆ ಮರಳಬೇಕಾದದ್ದು ಎಷ್ಟರಲ್ಲಿ? ಯಂತ್ರ ತಯಾರಿಸಿದ ಕಂಪನಿಯೇ ಹಿಂದೆ ಸರಿದಿದ್ದರೆ ರಿಪೇರಿ, ಬಿಡಿಭಾಗಗಳ ಗತಿಯೇನು? ಕೇಳಲು ಸಂಕೋಚ ಬೇಡ. ಇವಕ್ಕೆ ನೇರ ಉತ್ತರ ಕೊಡುವ ಡಾಕ್ಟರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಕಡೆಯದಾಗಿ ಆಸ್ಪತ್ರೆಯ ಬಿಲ್. ಔಷಧಿ ಲೇಪಿಸಿದ ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು, ಆಮೇಲೆ ಅದನ್ನು ಆಗಾಗ ಪರಿಷ್ಕರಿಸುತ್ತಾ ಬಂದಿದೆ. ಆ ಮಿತಿ ಸ್ಟೆಂಟಿಗೆ ಮಾತ್ರ. ಚಿಕಿತ್ಸೆಯ ಅಂದಾಜು ಪಟ್ಟಿಯಲ್ಲಿ ರೋಬೋಗೆಂದು ಪ್ರತ್ಯೇಕ ಸಾಲು ಕಂಡರೆ, ಅದು ಯಾರ ರಕ್ಷಣೆಯ ಖರ್ಚು ಎಂದು ಸಹಿ ಹಾಕುವ ಮೊದಲೇ ಕೇಳಿ. ಡಾಕ್ಟರರನ್ನು ವಿಕಿರಣದಿಂದ ಕಾಪಾಡುವುದು ಆಸ್ಪತ್ರೆಯ ಹೊಣೆ. ಅದನ್ನು ರೋಗಿಯ ಹೆಸರಿಗೆ ಬರೆಯುವಂತಿಲ್ಲ.